ಬಲಗೈ ಕೊಡದ ಮಿಸ್ತ್ರಿ

ಮಿಸ್ತ್ರಿಯ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಜರಿಹುಳದಂಥ ಕಲೆಯಿತ್ತು. ಮೊದಲ ಬೈಪಾಸ್‌ನಲ್ಲಿ ಹೃದಯಕ್ಕೆ ಜೋಡಿಸಲು ಅಲ್ಲಿಂದ ಒಂದು ರಕ್ತನಾಳ ತೆಗೆದಿದ್ದರು. ಆಮೇಲೆ ಆ ಬೆರಳುಗಳು ಜೋಮು ಹಿಡಿದು ನಟ್ಟು ಬಿಗಿಯುವ ಪಾನಾ ಜಾರುತ್ತಿತ್ತು. ಜಾರಿದಾಗ ನಗುವ ಧೈರ್ಯ ನಮಗಾರಿಗೂ ಇರಲಿಲ್ಲ.

ಬೀದರ್ ಕಡೆಯವರು. ಮರಾಠಿ ಸೀಮೆಯ ಸಾತಪುರದ ಕಾರ್ಖಾನೆಗಳಲ್ಲಿ ಪೈಪ್‌ಲೈನ್ ಹಾಕುವ ನಮ್ಮ ಗ್ಯಾಂಗಿಗೆ ಅವರೇ ದೊರೆ. ನಾನು ಐದನೇ ಇಯತ್ತೆಗೇ ಶಾಲೆ ಬಿಟ್ಟವನು. ಹಮಾಲಿ ಮಾಡಿ, ಮೀಸೆ ದಪ್ಪಗಾದ ಮೇಲೆ ಅವರ ಕೈಕೆಳಗೆ ಸೇರಿದೆ. ಕಲಿತದ್ದೆಲ್ಲ ಅವರಿಂದಲೇ, ಬೈಗುಳದ ಜೊತೆಗೇ. ಒಮ್ಮೆ ನಾನು ಕೂಡಿಸಿದ ಜಾಯಿಂಟ್ ಸೋರಿತು. ಅದರ ಕೆಳಗೇ ನನ್ನನ್ನು ಕೂರಿಸಿ ಊಟದ ಡಬ್ಬಿ ಬಿಚ್ಚಿಸಿದರು. "ಉಣ್ಣಪಾ, ನೀನೇ ಮಾಡಿದ ಸಾರು" ಎಂದರು. ರೊಟ್ಟಿಯ ಮೇಲೆ ತುಕ್ಕುನೀರು ಬೀಳುತ್ತಿತ್ತು. ಗ್ಯಾಂಗೆಲ್ಲ ನಕ್ಕಿತು. ಉಂಡೆ. ಆಮೇಲಿನ ಇಪ್ಪತ್ತು ವರ್ಷ ನನ್ನ ಯಾವ ಜಾಯಿಂಟೂ ಸೋರಿಲ್ಲ, ಇದನ್ನು ಎದೆ ತಟ್ಟಿ ಹೇಳುತ್ತೇನೆ.

ಹೋದ ವರ್ಷ ಅವರಿಗೆ ಎದೆನೋವು ಮರಳಿತು. ಅವರು ಮಗಳನ್ನು ಕೊಟ್ಟ ಊರೆಂದು ಸಂಭಾಜಿನಗರದ ಆಸ್ಪತ್ರೆಗೆ ಒಯ್ದೆವು. ಡಾಕ್ಟರ್ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಎಡಗೈಯಿಂದ ತೆಗೆದು ಹಾಕಿದ ನಾಳ ಮುಚ್ಚಿಹೋಗಿದೆ. ಅದೇ ಬೈಪಾಸ್‌ನಲ್ಲಿ ಎದೆಗೋಡೆಯಿಂದ ಇಳಿಸಿ ಜೋಡಿಸಿದ ಇನ್ನೊಂದು ನಾಳದಲ್ಲಿ ರಕ್ತ ಇನ್ನೂ ಚೆನ್ನಾಗಿ ಹರಿಯುತ್ತಿದೆ; ಆದರೆ ಅದು ಕೂಡುವ ಜಾಗದಿಂದ ಮುಂದೆ ಹೊಸ ಅಡ್ಡಿ ಬಂದಿದೆ. ಕಾಲಿನ ರಕ್ತನಾಳಗಳು ಉಪಯೋಗಕ್ಕಿಲ್ಲ. ಬಲಗೈಯಿಂದ ಹೊಸ ನಾಳ ತೆಗೆದರೆ ಒಳ್ಳೆಯದು. ಎದೆಯ ಹಳೆಯದನ್ನೇ ಬಿಡಿಸಿ ಅಡ್ಡಿಯ ಆಚೆಗೆ ಜೋಡಿಸಲೂ ಬರುತ್ತದೆ, ಆದರೆ ಇವರದು ಎಲುಬಿಗೆ ಅಂಟಿ ಕೂತಿದೆ, ಬಿಡಿಸುವಾಗ ಹರಿದರೆ ಜೀವಕ್ಕೇ ಅಪಾಯ.

ಮಿಸ್ತ್ರಿ ಬಲಗೈಯನ್ನು ಚಾದರದೊಳಗೆ ಎಳೆದುಕೊಂಡರು. ಒಂದು ಕೈ ನಿಮಗೆ ಕೊಟ್ಟಾಯಿತು, ದುಡಿಯುವ ಕೈ ಕೊಡುವುದಿಲ್ಲ ಎಂದು ಹಟ.

ಅವರ ಹೆಂಡತಿಗೆ ನಾವೆಲ್ಲ ಕಾಕು ಅನ್ನುತ್ತಿದ್ದೆವು. ಕಾಕು ನನ್ನನ್ನು ಹೊರಗೆ ಕರೆದು, "ನೀನರ ಹೇಳಪಾ, ಕೈ ಕೊಡ್ರಿ ಅಂತ" ಎಂದು ಬೇಡಿಕೊಂಡರು. ಹೇಳುತ್ತೇನೆಂದು ಒಳಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ ಕೇಳಿದರು.

"ಹಳೀ ಲೈನ್ ಹರೀಲಿಕತ್ತದ. ಬಿಚ್ಚಿ ಮುಂದ ಜೋಡಿಸಿದ್ರ ನಡೀತದಿಲ್ಲೋ? ನಿನಗೇನ್ ಅನಸ್ತದ?"

ಅಷ್ಟು ವರ್ಷಗಳಲ್ಲಿ ನನಗೇನು ಅನಿಸುತ್ತದೆ ಎಂದು ಅವರು ಕೇಳಿದ್ದು ಅದೇ ಮೊದಲು. ಕಾಕುವಿಗೆ ಕೊಟ್ಟ ಮಾತು ಎಲ್ಲಿ ಹೋಯಿತೋ. ಗದ್ದ ಕೆರೆದುಕೊಂಡು, ಕೆಲಸ ಬಲ್ಲವನ ಗತ್ತಿನಲ್ಲಿ ಹೇಳಿದೆ: "ಹರಿಯೋ ಲೈನ್ ಇದ್ದಾಗ ಹೊಸಾದು ಯಾಕ್ರಿ ಮಿಸ್ತ್ರಿ? ನಡೀತದ."

ಡಾಕ್ಟರ್ ಇನ್ನೊಮ್ಮೆ ಹೇಳಿ ನೋಡಿದರು. ಮಿಸ್ತ್ರಿಯಾದರೋ, ಬಲಗೈ ಮುಟ್ಟಬಾರದೆಂದು ಕಾಗದದಲ್ಲಿ ಬರೆಸಿಯೇ ಸಹಿ ಹಾಕಿದರು. ಆಪರೇಶನ್ನಿನಲ್ಲಿ ಬಿಡಿಸುವಾಗ ನಾಳ ಹರಿದುಹೋಯಿತು. ಮಿಸ್ತ್ರಿ ಟೇಬಲ್ಲಿನ ಮೇಲೆಯೇ ಹೋದರು.

ಮಣ್ಣು ಕೊಟ್ಟ ಮೂರನೇ ದಿನ ಮನೆಗೆ ಹೋದೆ. ಕಾಕು ನನ್ನ ಮುಂದೆ ಚಹಾ ಇಟ್ಟರು. "ಒಳಗ ಒಯ್ಯುವಾಗ್ಲೂ ಕೈ ಕೊಡ್ರಿ ಅಂತ ಅತ್ತೆ. 'ಅವನ್ನ ಕೇಳೀನಿ, ಅವಗ ನನಗಿಂತ ಹೆಚ್ಚು ತಿಳೀತದ' ಅಂದ್ರು" ಎಂದರು. ಕಪ್ಪನ್ನು ನನ್ನತ್ತ ಸರಿಸುತ್ತ, "ನೀ ಏನ್ ಹೇಳಿದ್ದಿಪಾ?" ಎಂದು ಕೇಳಿದರು.

ಸುಳ್ಳು ಹೇಳಲಿಲ್ಲ. ಕಾಕು ನನ್ನ ಮುಂದಿನ ಚಹಾ ಎತ್ತಿಕೊಂಡು ಒಳಗೆ ಹೋದರು.