ಯಂತ್ರಕ್ಕೆ ಧೂಳು ತಾಗದ ಹಾಗೆ

ನಮ್ಮತ್ತೆಗೆ ಧೂಳು ಕಂಡರೆ ಮೈಯೆಲ್ಲ ಉರಿಯುತ್ತದೆ. ಬೆಳಿಗ್ಗೆ ಎದ್ದು ಪೊರಕೆ ಹಿಡಿದರೆ ಮಲಗುವ ತನಕ ಅದು ಕೈಯಲ್ಲೇ. ಬೀದಿಯ ಹಿಂದೆ ಜಲ್ಲಿ ಕ್ರಷರ್ ಬಂದ ಮೇಲಂತೂ ಅವರ ಆಯುಸ್ಸೆಲ್ಲ ಒರೆಸುವುದರಲ್ಲೇ ಹೋಯಿತು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನದೊಳಗೆ ಬೆರಳಿನಿಂದ ಹೆಸರು ಬರೆಯಬಹುದು. ಕೆಮ್ಮುತ್ತಾ ಗುಡಿಸುತ್ತಾರೆ, ಗುಡಿಸಿ ಕೆಮ್ಮುತ್ತಾರೆ. "ಬಿಡಿ ಅತ್ತೆ, ಮತ್ತೆ ಬರುತ್ತೆ" ಎಂದರೆ, "ಹಸಿವೂ ಮತ್ತೆ ಬರುತ್ತೆ, ಅಡುಗೆ ಮಾಡೋದು ಬಿಡ್ತೀಯಾ?" ಎನ್ನುತ್ತಾರೆ. ಅವರ ಜೊತೆ ವಾದ ಮಾಡುವುದನ್ನು ನಾನು ಕೈಬಿಟ್ಟು ಬಹಳ ಕಾಲವಾಯಿತು.

ಇಂಥವರ ಮಗ ಸೇರಿದ್ದು ಧೂಳು ಅಳೆಯುವ ಕಚೇರಿಗೆ. ನನ್ನ ಗಂಡನನ್ನು ಬೀದಿಯವರು ಧೂಳಪ್ಪ ಎಂದೇ ಕರೆಯುವುದು. ಕ್ರಷರ್ ಮೇಲೆ ಎಲ್ಲರೂ ಸೇರಿ ದೂರು ಕೊಟ್ಟಾಗ ಅಳೆಯುವ ಕೆಲಸ ಇವರ ತಲೆಗೇ ಬಂತು. ಯಂತ್ರವಿಡಲು ನಾಲ್ಕೂ ಕಡೆ ಬಯಲಾದ ತಾರಸಿ ಬೇಕು. ಬೀದಿಯಲ್ಲಿ ಅಂಥದ್ದು ಇದ್ದದ್ದು ನಮ್ಮದೊಂದೇ, ಉಳಿದವೆಲ್ಲ ಶೀಟಿನ ಮನೆಗಳು. ಆ ಆಳೆತ್ತರದ ತಗಡಿನ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸುವಷ್ಟರಲ್ಲಿ ಇವರ ಸೊಂಟ ಬಿದ್ದುಹೋಗಿತ್ತು.

ಯಂತ್ರದ ಕೆಲಸ ಸರಳ. ಒಂದು ಹಗಲು ಒಂದು ರಾತ್ರಿ ಗಾಳಿಯನ್ನು ಒಳಗೆಳೆದು ಬಿಳಿ ಪೇಪರೊಂದರ ಮೂಲಕ ಹಾಯಿಸುತ್ತದೆ. ಪೇಪರನ್ನು ಮೊದಲೇ ತೂಗಿರುತ್ತಾರೆ, ಆಮೇಲೆ ಒಣಗಿಸಿ ಮತ್ತೆ ತೂಗುತ್ತಾರೆ. ಹೆಚ್ಚಾದದ್ದೆಲ್ಲ ಧೂಳು. ಅದು ಮಿತಿ ಮೀರಿದ್ದರೆ ಕ್ರಷರ್ ಮುಚ್ಚಬೇಕು, ಇಲ್ಲದಿದ್ದರೆ ನಾವು ಬಾಯಿ ಮುಚ್ಚಬೇಕು.

ಬೆಳಿಗ್ಗೆ ಪೇಪರ್ ಹಾಕಿ ಇವರು ಕಚೇರಿಗೆ ಹೋಗುತ್ತಿದ್ದರು, ನಾನು ಹೊಲಿಗೆ ಅಂಗಡಿಗೆ. ಮರುದಿನ ಬೆಳಿಗ್ಗೆ ಹಳೆಯದನ್ನು ತೆಗೆದು ಹೊಸದು ಹಾಕುವುದು, ನಡುವೆ ನಾವಿಬ್ಬರೂ ತಾರಸಿ ಹತ್ತುತ್ತಿರಲಿಲ್ಲ. ಹೀಗೇ ಒಂದು ವಾರ ನಡೆಯಿತು.

ಫಲಿತಾಂಶ ಬಂತು. ಧೂಳು ಮಿತಿಯೊಳಗೇ ಇದೆಯಂತೆ. ಎದುರು ಮನೆಯ ಮೇಷ್ಟ್ರು, "ಧೂಳಪ್ಪ, ನಿಮ್ಮ ಯಂತ್ರಕ್ಕೆ ಮೂಗು ಕಟ್ಟಿರಬೇಕು" ಎಂದು ನಕ್ಕರು. ಉಳಿದವರು ನಗಲಿಲ್ಲ. ಕ್ರಷರ್ ಮಾಲೀಕ ಇವರ ಕೈ ಬೆಚ್ಚಗೆ ಮಾಡಿದ್ದಾನೆ ಎಂಬ ಮಾತು ನಲ್ಲಿಯ ಹತ್ತಿರ ನನ್ನ ಕಿವಿಗೇ ಬಿತ್ತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಾಯಿತು.

ಇವರು ಯಂತ್ರ ಬಿಚ್ಚಿದರು, ಪಂಪು ನೋಡಿದರು, ಕಚೇರಿಯ ತಕ್ಕಡಿಯನ್ನೂ ಅನುಮಾನಿಸಿದರು. ಯಾವುದರಲ್ಲೂ ತಪ್ಪು ಸಿಗಲಿಲ್ಲ. ಊಟಕ್ಕೆ ಕೂತಾಗ, "ಯಂತ್ರದಲ್ಲೇ ಏನೋ ಕೆಟ್ಟಿದೆ ಅಮ್ಮ" ಎಂದರು.

ಅತ್ತೆಗೆ ನೋವಾಯಿತು. "ಕೆಡೋದು ಹೇಗೋ? ಅದಕ್ಕೆ ಒಂದು ಚೂರು ಧೂಳು ತಾಗದ ಹಾಗೆ ನೋಡ್ಕೊಂಡಿದೀನಿ."

ಇವರ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಏನ್ ಮಾಡ್ದೆ ಅಮ್ಮ?"

"ಸರ್ಕಾರದ ಸಾಮಾನು, ನಾಳೆ ನಿನ್ನ ತಲೆ ಮೇಲೆ ಬರಬಾರ್ದು ಅಂತ. ನೀವಿಬ್ರೂ ಹೋದ ತಕ್ಷಣ ತಾರಸಿ ತೊಳೆದು, ಯಂತ್ರದ ಸುತ್ತ ಒದ್ದೆ ಹೊದಿಕೆ ಕಟ್ತಿದ್ದೆ. ಒಣಗಿದ ಹಾಗೆಲ್ಲ ಹೋಗಿ ನೀರು ಚಿಮುಕಿಸ್ತಿದ್ದೆ. ಬೆಳಿಗ್ಗೆ ನೀನು ಏಳೋಕೆ ಮುಂಚೆ ತೆಗೀತಿದ್ದೆ. ಮಂಡಿ ಹಿಡ್ಕೊಂಡ್ರೂ ಒಂದು ದಿನ ತಪ್ಪಿಸಿಲ್ಲ."

ನನಗೆ ನಗು ಉಕ್ಕಿ ಬಂತು, ಇವರ ಮುಖ ನೋಡಿ ನುಂಗಿಕೊಂಡೆ. ಧೂಳು ಅಳೆಯುವ ಯಂತ್ರವನ್ನು ಧೂಳಿನಿಂದ ಕಾಪಾಡುವುದು ನಮ್ಮತ್ತೆಗಲ್ಲದೆ ಇನ್ಯಾರಿಗೆ ಹೊಳೆದೀತು?

ಇವರು ಬೈಯಲಿಲ್ಲ. ಮಾರನೆಯ ದಿನ ಕಚೇರಿಯಲ್ಲಿ ತಲೆ ತಗ್ಗಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದರು. ಸಾಹೇಬರು ಮೊದಲು ನಕ್ಕು, ಆಮೇಲೆ ಮುಖ ಗಂಟಿಕ್ಕಿ, ಇನ್ನೊಂದೇ ಸಲ ಅಳೆಯಲು ಒಪ್ಪಿದರಂತೆ.

"ಅಮ್ಮ, ಈ ಸಲ ಏನೂ ಮಾಡ್ಬೇಡ. ಗುಡಿಸೋದೂ ಬೇಡ" ಎಂದರು ಇವರು.

ಅತ್ತೆಯ ಮೇಲೆ ನಂಬಿಕೆ ಸಾಲದೆ ನಾನು ಆ ದಿನ ರಜೆ ಹಾಕಿದೆ. ಅವರು ತಾರಸಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಆ ಕಡೆ ಕ್ರಷರ್ ಗುಡುಗುಡು ಎನ್ನುತ್ತಿತ್ತು, ಈ ಕಡೆ ಯಂತ್ರ ಗುಂಯ್ ಎನ್ನುತ್ತಿತ್ತು. ನೆಲ, ಬಟ್ಟೆ ಹಗ್ಗ, ನೀರಿನ ಟ್ಯಾಂಕು, ಅತ್ತೆಯ ಕಾಲ ಬೆರಳು, ಎಲ್ಲವೂ ಮೆಲ್ಲಗೆ ಬೂದು ಬಣ್ಣಕ್ಕೆ ತಿರುಗಿದವು. ಅವರ ಕೈಗಳು ಮಡಿಲಲ್ಲಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಕೆಳಗೆ ಬನ್ನಿ ಎಂದರೂ ಬರಲಿಲ್ಲ. ಇಷ್ಟು ವರ್ಷ ದುಡಿಯುವಾಗ ಕಾಣದಿದ್ದ ಆಯಾಸ, ಸುಮ್ಮನೆ ಕೂತ ಆ ಒಂದು ದಿನ ಮುಖದಲ್ಲಿ ಕಂಡಿತು. ನನಗೆ ಅಯ್ಯೋ ಅನ್ನಿಸಿತು.

ಕ್ರಷರ್ ಮುಚ್ಚಿದ್ದು ಆ ದಿನದ ಪೇಪರಿನಿಂದಲೇ. ಬೀದಿಯವರು ಬಂದು ಇವರ ಕೈ ಕುಲುಕಿದ್ದು, ಮೇಷ್ಟ್ರು ಭಾಷಣ ಮಾಡಿದ್ದು ಎಲ್ಲ ಆಮೇಲಿನ ಮಾತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮರುದಿನ ಬೆಳಿಗ್ಗೆ ಇವರು ಅದನ್ನು ಹೊರಗೆ ತೆಗೆದ ಗಳಿಗೆ. ಹಾಲಿನಂತಿದ್ದ ಪೇಪರ್ ಒಲೆಯ ಮಸಿಬಟ್ಟೆಯ ಹಾಗಾಗಿತ್ತು. ಇವರು ಚಿಮಟದಲ್ಲಿ ಎತ್ತಿ ಹಿಡಿದು, "ನೋಡಮ್ಮ, ಈ ಸಲ ಕ್ರಷರ್ ಮಾಲೀಕ ಸಿಕ್ಕಿಬಿದ್ದ" ಎಂದು ಖುಷಿಪಟ್ಟರು.

ಅತ್ತೆ ಬಹಳ ಹೊತ್ತು ನೋಡಿದರು. "ಇದು ಒಂದೇ ದಿನದ್ದಾ?"

"ಒಂದೇ ದಿನದ್ದು."

ಅವರಿಗೆ ಕೆಮ್ಮು ಬಂತು. ಬಾಗಿಲು ಹಿಡಿದುಕೊಂಡು ಕೆಮ್ಮಿ ಮುಗಿಸಿ, ಉಸಿರು ಕೂಡಿಸಿಕೊಂಡು ಕೇಳಿದರು.

"ಯಂತ್ರಕ್ಕೆ ದಿನಾ ಹೊಸ ಪೇಪರ್ ಹಾಕ್ತೀಯ. ನನ್ನೊಳಗಿರೋದನ್ನ ಯಾವಾಗ ಬದಲಾಯಿಸ್ತೀಯೋ?"