ಮೊದಲ ಪಂಕ್ತಿಯ ಲೆಕ್ಕ

ಕೇಳಿದ್ದನ್ನೇ ಮತ್ತೆ ಕೇಳುವುದು ನನ್ನ ಹುಟ್ಟುಗುಣ. ಬಸ್ಸು ಹತ್ತಿದ ಮೇಲೆ ಇದು ಮಳವಳ್ಳಿಗೆ ಹೋಗುತ್ತದಾ ಎಂದು ಕೇಳುತ್ತೇನೆ. ಟಿಕೆಟ್ ಕೈಗೆ ಬಂದ ಮೇಲೆ ಇನ್ನೊಮ್ಮೆ ಕೇಳುತ್ತೇನೆ. ಆಗ ಕಂಡಕ್ಟರು ನನ್ನನ್ನು ನೋಡುವ ರೀತಿ ನನಗೆ ಅಭ್ಯಾಸವಾಗಿದೆ.

ಇಂಥ ನನಗೆ ಅನ್ನ ಹಾಕುವ ಕೆಲಸ ಇದಕ್ಕೆ ತದ್ವಿರುದ್ಧ. ಮದ್ದೂರಿನ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು, ಎಕ್ಸ್‌ಎಂಎಲ್ ಎಂಬ ಗುರುತುಗಳು ತುಂಬಿದ ಕಡತಗಳನ್ನು ಜನ ಓದುವಂಥ ಪುಸ್ತಕದ ಪುಟಗಳಾಗಿ ಪರಿವರ್ತಿಸುತ್ತೇನೆ. ಆ ಪರಿವರ್ತನೆಯ ನಡುವೆ ಹೊರಗಿನ ಇನ್ನೊಂದು ಕಡತ ಬೇಕಾಗುತ್ತದೆ, ಬೆಲೆಗಳದ್ದೋ ಊರುಗಳ ಹೆಸರಿನದ್ದೋ. ಅಲ್ಲೊಂದು ನಿಯಮ: ಕೆಲಸ ಶುರುವಾದ ಮೇಲೆ ಮುಗಿಯುವವರೆಗೆ ಆ ಕಡತವನ್ನು ಎಷ್ಟು ಸಲ ಕೇಳಿದರೂ ಮೊದಲು ಸಿಕ್ಕಿದ್ದೇ ಸಿಗಬೇಕು. ಹಾಗಾಗಿ ಯಂತ್ರ ಅದನ್ನು ಒಮ್ಮೆ ಓದಿ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಕಡತ ದೊಡ್ಡದಾದರೆ ಮೆಮೊರಿ ತುಂಬಿ ಏದುಸಿರು ಬಿಡುತ್ತದೆ, ಅಷ್ಟೆ. ಅದನ್ನು ತಪ್ಪಿಸಲು ಅಡ್ಡದಾರಿಯೂ ಇದೆ: ಬಳಸಿದ ಕೂಡಲೇ ಮರೆತುಬಿಡು, ಬೇಕಾದಾಗ ಮತ್ತೆ ಓದು ಎನ್ನಬಹುದು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ದಾರಿ. ಹೊಸ ಕೆಲಸಕ್ಕೆ ಹಾಗೆನ್ನುವ ಒಂದು ಸಾಲು ಬರೆದಿಟ್ಟು, ಮಳವಳ್ಳಿಯ ಅಕ್ಕನ ಮನೆಗೆ ಬೀಗರೂಟಕ್ಕೆ ಹೊರಟೆ.

ಅಕ್ಕನ ಮಗಳ ಮದುವೆ ಮುಗಿದಿತ್ತು; ಗಂಡಿನ ಕಡೆಯವರು ಬಾಡೂಟಕ್ಕೆ ಬರುವವರು. ನಮ್ಮ ಸೀಮೆಯಲ್ಲಿ ಮದುವೆಯ ಕೊರತೆಯನ್ನು ಮರೆಯುತ್ತಾರೆ, ಬೀಗರೂಟದ ಕೊರತೆಯನ್ನು ಮರೆಯುವುದಿಲ್ಲ. ಆ ಮಾತು ಮಗಳ ಮೇಲೆ ಬೀಳುತ್ತದೆಂಬುದೇ ಅಕ್ಕನ ಭಯ.

ಮೊದಲ ಪಂಕ್ತಿ ಕೂತಾಗ ಭಾವ ಬೀಗರನ್ನು ಕೇಳಿದರು, ಇನ್ನೆಷ್ಟು ಜನ ಬರುತ್ತಾರೆ ಎಂದು. ಅವರು ಹೇಳಿದ್ದಕ್ಕೆ ತಕ್ಕಂತೆ ಎಲೆಗೆ ನಾಲ್ಕು ತುಂಡು ಬಾಡು ಬಡಿಸಿದ್ದಾಯಿತು. ಎರಡನೇ ಪಂಕ್ತಿಗೆ ಮತ್ತೆ ಕೇಳಿದರು. ಇನ್ನೊಂದು ವ್ಯಾನು ಬರುತ್ತಿದೆಯಂತೆ. ಜನ ಎಲೆ ಮುಂದೆ ಕಾಯುತ್ತಿದ್ದರೂ ಬಡಿಸುವವರನ್ನು ತಡೆದು, ಎರಡೇ ತುಂಡು ಹಾಕಿ ಎಂದರು. ಹೊಸ ಸುದ್ದಿಗೆ ಹೊಸ ಲೆಕ್ಕ. ನನಗಂತೂ ಬಹಳ ವಿವೇಕವಾಗಿ ಕಂಡಿತು. ಅಕ್ಕ ಬಂದು ಸೌಟು ಕಿತ್ತುಕೊಂಡಳು.

“ಸಾಕು ಬುಡಿ. ಅಣ್ಣಂಗೆ ನಾಕು, ತಮ್ಮಂಗೆ ಎರಡಾ? ನಾಳೆ ಇಬ್ರೂ ಒಂದೇ ಜಗಲಿ ಮೇಲೆ ಕೂತ್ಕತಾರೆ.”

“ಜನ ಜಾಸ್ತಿ ಆಯ್ತಾವ್ರೆ ಕಣಮ್ಮಿ. ಕೊನೆಗೆ ಸಾಲ್ದೆ ಬಂದ್ರೆ?” ಎಂದರು ಭಾವ.

“ಬಂದ್ರೆ ನಾವು ತುಂಡು ಬುಡಾನ. ಮೊದ್ಲು ಇಕ್ಕಿದ್ದೇ ಲೆಕ್ಕ. ಇನ್ಯಾರ್ನೂ ಕೇಳ್ಬ್ಯಾಡಿ.”

ಸೌಟು ಎಲೆಗೆ ನಾಲ್ಕರಂತೆ ಮತ್ತೆ ಓಡಾಡಿತು, ಈ ಸಲ ಎಲ್ಲೂ ನಿಲ್ಲದೆ. ನಾನು ಗೋಡೆಗೊರಗಿ ಯೋಚಿಸುತ್ತಿದ್ದೆ. ಭಾವನಿಗೆ ಸಿಕ್ಕಿದ ಉತ್ತರಗಳಲ್ಲಿ ಒಂದೂ ಸುಳ್ಳಲ್ಲ. ಕೇಳಿದ ಗಳಿಗೆಗೆ ಪ್ರತಿಯೊಂದೂ ನಿಜ. ಆದರೆ ಎಲ್ಲ ನಿಜಗಳೂ ಸೇರಿ ಒಂದು ಊಟವಾಗುವುದಿಲ್ಲ. ನಾನು ಬರೆದಿಟ್ಟು ಬಂದ ಸಾಲೂ ಇದನ್ನೇ ಮಾಡುತ್ತದೆ. ಕೆಲಸದ ನಡುವೆ ಯಾರೋ ಹೊರಗಿನ ಕಡತವನ್ನು ತಿದ್ದಿದರೆ ಒಂದೇ ವಸ್ತುವಿಗೆ ಮೊದಲ ಪುಟದಲ್ಲೊಂದು ಬೆಲೆ, ಕೊನೆಯ ಪುಟದಲ್ಲಿ ಇನ್ನೊಂದು. ಎರಡೂ ಸರಿ, ಪುಸ್ತಕ ಮಾತ್ರ ತಪ್ಪು.

ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಹಂಡೆಯ ತಳ ಕಂಡಿತು. ಮನೆಯವರು ಬರೀ ಸಾರಿನಲ್ಲಿ ಮುದ್ದೆ ಮುರಿದೆವು. ಭಾವ ಮುಖ ಊದಿಸಿಕೊಂಡೇ ಉಂಡರು. ವ್ಯಾನು ಹತ್ತುವ ಮುಂಚೆ ಬೀಗಿತ್ತಿ ಅಕ್ಕನ ಕೈ ಹಿಡಿದುಕೊಂಡು, “ಎಲ್ರಿಗೂ ಒಂದೇ ತರ ಇಕ್ಕುದ್ರಿ ಕಣಮ್ಮ” ಎಂದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮದ್ದೂರಿಗೆ ಬಂದವನೇ ಆ ಸಾಲನ್ನು ಅಳಿಸಿದೆ. ಯಂತ್ರ ಈಗ ಏದುಸಿರು ಬಿಡುತ್ತಲೇ ಕೆಲಸ ಮುಗಿಸುತ್ತದೆ. ಬಿಡಲಿ, ಬಡಿಸುವ ಮನೆಯವರಿಗೆ ಅಷ್ಟು ಕಷ್ಟ ಇದ್ದದ್ದೇ.