ಕಂಟ್ರೋಲ್ ರೂಮಿನ ಅಪ್ಪ

ಮೊನ್ನೆ ಬಸವಕಲ್ಯಾಣದಲ್ಲಿ ಡಾಕ್ಟರು ನನ್ನ ರಕ್ತದ ವರದಿ ನೋಡಿ, ಇನ್ನು ಶುಗರ್ ಕಂಟ್ರೋಲ್ ಮಾಡಬೇಕು ಎಂದರು. ತಲೆಯಾಡಿಸಿದೆ. ಆದರೆ ಆ ಪದ ಕಿವಿಗೆ ಬಿದ್ದೊಡನೆ ನನಗೆ ಕಂಡದ್ದು ಹುಮನಾಬಾದ್ ಬಸ್ ನಿಲ್ದಾಣದ ಒಂದು ಕಿಟಕಿ, ಅದರೊಳಗೆ ಕುಳಿತ ಅಪ್ಪ.

ಈ ಇಂಗ್ಲಿಷ್ ಪದಕ್ಕೆ ನಮ್ಮ ಕಡೆ ಎಷ್ಟು ಕೆಲಸ ಹಚ್ಚಿದ್ದೇವೆ ನೋಡಿ. ರೇಷನ್ ಅಂಗಡಿಯ ಅಕ್ಕಿ ನಮಗೆ ಕಂಟ್ರೋಲ್ ಅಕ್ಕಿ. ಸಿಟ್ಟು ಬಂದರೆ ಕಂಟ್ರೋಲ್ ಮಾಡಿಕೊಳ್ಳಬೇಕು, ಹೇಳಿದ ಮಾತು ಕೇಳದ ಮಕ್ಕಳು ಕಂಟ್ರೋಲ್ ತಪ್ಪಿದವರು. ನನ್ನ ಅಪ್ಪನಂತೂ ನಿಲ್ದಾಣದ ಕಂಟ್ರೋಲರ್. ಬಂದ ಬಸ್ಸಿನ ವೇಳೆ ಬರೆದುಕೊಂಡು, ಹೊರಡುವ ಬಸ್ಸಿನ ಊರುಗಳನ್ನು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಶಾಲೆಯಲ್ಲಿ ಕಂಟ್ರೋಲ್ ಎಂಬ ಪದ ಬಳಸಿ ವಾಕ್ಯ ಮಾಡಿರೆಂದು ಮಾಸ್ತರು ಹೇಳಿದಾಗ, ನನ್ನ ತಂದೆ ಎಲ್ಲರನ್ನೂ ಕಂಟ್ರೋಲ್ ಮಾಡುತ್ತಾರೆ ಎಂದು ಜಂಬದಿಂದ ಬರೆದಿದ್ದೆ. ಮನೆಯಲ್ಲಿ ಓದಿ ತೋರಿಸಿದರೆ ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮನೆಯಲ್ಲಿ ಎರಡನೆಯ ಕಪ್ ಚಹಾ ಬೇಕಾದರೂ ಅಪ್ಪ ಅವಳ ಮುಖ ನೋಡಬೇಕಿತ್ತು.

ನನ್ನನ್ನು ಕೊಟ್ಟದ್ದು ಬಸವಕಲ್ಯಾಣಕ್ಕೆ. ಮದುವೆಯಾದ ಎರಡನೆಯ ವರ್ಷ ನಾನು ಹೊಲಿಗೆ ತರಗತಿ ತೆಗೆಯುತ್ತೇನೆಂದಾಗ ಗಂಡ ಬೇಡವೆಂದು ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು. ಚೀಲಕ್ಕೆ ನಾಲ್ಕು ಸೀರೆ ತುರುಕಿಕೊಂಡು ಬಸ್ಸು ಹತ್ತಿಬಿಟ್ಟೆ.

ಹುಮನಾಬಾದಿನಲ್ಲಿ ಇಳಿದಾಗ ಅಪ್ಪ ಕಿಟಕಿಯಿಂದ ನನ್ನನ್ನೂ ಚೀಲವನ್ನೂ ನೋಡಿದರು. ಒಳಗೆ ಕರೆದು, ತಮ್ಮ ಕುರ್ಚಿ ಬಿಟ್ಟುಕೊಟ್ಟು, ಊಟ ಆಗಿದೆಯೇ ಎಂದಷ್ಟೇ ಕೇಳಿದರು. ಬಸವಕಲ್ಯಾಣದ ಬಸ್ಸು ಬಂದಾಗಲೆಲ್ಲ ಅವರು ಮೈಕ್ ಹಿಡಿಯುವರು, ನಾನು ನೆಲ ನೋಡುವೆ. ಇನ್ನು ಹೊರಡು ಎನ್ನುತ್ತಾರೇನೋ ಎಂದು ಚೀಲವನ್ನು ಕುರ್ಚಿಯಡಿ ಸರಿಸುತ್ತಿದ್ದೆ. ಮೂರನೆಯ ಬಸ್ಸೂ ಹೋದ ಮೇಲೆ ಮೈಕ್ ಬಂದ್ ಮಾಡಿ ಮೆಲ್ಲಗೆ ಹೇಳಿದರು:

"ಟೈಮ್ ಬಸ್ಸಿಗಿ ಅದ ಬೇಟಾ, ನಿನಗಿಲ್ಲ. ಮನಸ್ ಬಂದಾಗ ಹೋಗು. ಬರಲಿಲ್ಲಂದ್ರ ಹೋಗಬ್ಯಾಡ."

ಜನ ಏನೆಂದಾರು ಎಂದು ಅವ್ವ ದಿನವೂ ಹಲುಬಿದಳು. ಯಾವಾಗ ಹೋಗುತ್ತೀ ಎಂದು ಅಪ್ಪ ಒಂದು ದಿನವೂ ಕೇಳಲಿಲ್ಲ. ಹನ್ನೆರಡನೆಯ ದಿನ ಗಂಡ ಬಂದಾಗ, ನಿನ್ನ ಮಾತು ನೀನೇ ಆಡು ಎಂದು ಅಪ್ಪ ಹೊರಗೆ ಹೋಗಿ ಕುಳಿತರು. ನಾನು ಹೊಲಿಗೆ ಬಿಡುವುದಿಲ್ಲ ಎಂದೆ. ಗಂಡ ಕೊನೆಗೆ ಹೂಂ ಎಂದರು. ಮರುದಿನ ಅವರೊಂದಿಗೆ ಹೊರಟೆ. ಆ ತರಗತಿ ಇಂದಿಗೂ ನಡೆದಿದೆ.

ವರ್ಷಗಳು ಕಳೆದವು. ಅವ್ವ ತೀರಿಕೊಂಡಳು. ಅಪ್ಪನಿಗೆ ಲಕ್ವಾ ಹೊಡೆದು ಮಾತು ತೊದಲತೊಡಗಿತು. ಅವರನ್ನು ನಮ್ಮ ಮನೆಗೇ ಕರೆತಂದೆ. ದಿನವೂ ಸಂಜೆ ನಾಲ್ಕಕ್ಕೆ ಅವರು ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಲ್ಲುವರು. ಹುಮನಾಬಾದ್ ಸ್ಟ್ಯಾಂಡಿಗೆ ಒಮ್ಮೆ ಕರೆದೊಯ್ಯಿ ಎಂದು ಕೇಳುವರು. ಬಿದ್ದಾರೆಂಬ ಹೆದರಿಕೆಗೆ ನಾನು ಅವರ ಚಪ್ಪಲಿ ಎತ್ತಿಟ್ಟಿದ್ದೆ. ಒಂದು ದಿನ ತರಗತಿಯ ಹುಡುಗಿಯರ ಮುಂದೆಯೇ ಅವರು ಮತ್ತೆ ಕೇಳಿದಾಗ ರೇಗಿತು.

"ಡಾಕ್ಟರ್ ಬ್ಯಾಡಂದಾರಲ್ಲ ಅಪ್ಪಾ. ಜರಾ ಕಂಟ್ರೋಲ್ ಮಾಡ್ಕೋ" ಎಂದುಬಿಟ್ಟೆ.

ಅಪ್ಪ ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದರು. ಮತ್ತೆ ಕೇಳಲಿಲ್ಲ. ನಿಜ ಹೇಳುತ್ತೇನೆ, ಆಗ ನನಗೆ ಹಗುರವೆನಿಸಿತ್ತು. ಆ ಚಳಿಗಾಲದಲ್ಲೇ ಅವರು ಹೋದರು.

ಮೊನ್ನೆ ದವಾಖಾನೆಯಿಂದ ನಾನು ಮನೆಗೆ ಹೋಗಲಿಲ್ಲ, ಹುಮನಾಬಾದಿನ ಬಸ್ಸು ಹತ್ತಿದೆ. ನಿಲ್ದಾಣದಲ್ಲಿ ಈಗ ಊರುಗಳನ್ನು ಹೇಳುವುದು ರೆಕಾರ್ಡು ಮಾಡಿದ ದನಿ. ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟೆ. ಬಸವಕಲ್ಯಾಣದ ಬಸ್ಸು ಬಂದು ಹೋಯಿತು, ಮತ್ತೊಂದೂ ಹೋಯಿತು. ಗಂಡ ಫೋನ್ ಮಾಡಿ, ಎಲ್ಲಿದ್ದೀ ಎಂದರು.

"ಹುಮನಾಬಾದ್ ಸ್ಟ್ಯಾಂಡಿನ್ಯಾಗ ಕುಂತೀನ್ರಿ. ಅಪ್ಪಗ ಒಂದ್ಸಲ ಕರ್ಕೊಂಡು ಬರಬೇಕಿತ್ತು."

"ನಾ ಬರ್ಲೇನು?" ಎಂದರು ಗಂಡ.

"ಬರ್ರಿ" ಎಂದೆ. ಬೆಂಚಿನ ಮೇಲೆ ಸ್ವಲ್ಪ ಸರಿದು ಕುಳಿತೆ.